ಕರಿಜೀರಿಗೆ ಮಿದುಳಿನ ಮದ್ದಾದ ಬಗೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಹಿನ್ನೆಲೆಯಲ್ಲಿ

ಕರಿಜೀರಿಗೆ ಎಣ್ಣೆಯ ಪುಟ್ಟ ಬಾಟಲಿ ಈಗ ಜೇನು, ಖರ್ಜೂರಗಳ ಸಾಲಿನಲ್ಲಿ ಕೂತು ‘ನೆನಪಿನ ಶಕ್ತಿಗೆ’ ಎಂದು ಮಾರಾಟವಾಗುತ್ತಿದೆ. ಕರಿಜೀರಿಗೆ ಈ ಸೀಮೆಗೆ ಹೊಸತಲ್ಲ. ಅದು ಮಿದುಳಿನ ಮದ್ದು ಎಂಬ ಖ್ಯಾತಿ ಮಾತ್ರ ತೀರಾ ಈಚಿನದು. ಹಳೆಯ ಗ್ರಂಥದ ಒಂದು ಪದ, ಪ್ರವಾದಿ ವೈದ್ಯದ ಒಂದು ವಚನ ಮತ್ತು ಈ ಶತಮಾನದ ಒಂದೆರಡು ಸಣ್ಣ ಪ್ರಯೋಗಗಳನ್ನು ಸೇರಿಸಿ ಆ ಖ್ಯಾತಿಯನ್ನು ಹೊಲಿದದ್ದು ಎಂಬುದು ಈ ಲೇಖನದ ವಾದ.

ಮೊದಲು ಬೀಜದ ವಿಚಾರ. ಇದು ನೈಜೆಲ್ಲಾ ಸಟೈವಾ. ಲಿನ್ನೇಯಸ್ 1753ರಲ್ಲಿ ಕೊಟ್ಟ ಹೆಸರು. ಜೀರಿಗೆಯ ಕುಲಕ್ಕೂ ಇದಕ್ಕೂ ನಂಟಿಲ್ಲ. ಅಂಗೈಯಲ್ಲಿ ಹಾಕಿ ನೋಡಿದರೆ ಮೂಲೆಮೂಲೆಯಾದ, ಹೊಳಪಿಲ್ಲದ ಕಪ್ಪು ಕಾಳು. ಉಗುರಿನಿಂದ ಒತ್ತಿದರೆ ಒಳಗೆ ಬಿಳಿ ತಿರುಳು, ಮೂಗಿಗೆ ಓಮದ ವಾಸನೆ. ಇದರ ಜಾಗಕ್ಕೆ ಕೆಲವೊಮ್ಮೆ ಬಂದು ಕೂರುವ ಕಾಡುಜೀರಿಗೆ ಉದ್ದನೆಯದು, ಮೈಮೇಲೆ ಗೀರುಗಳಿರುವಂಥದ್ದು, ನಾಲಗೆಗಿಟ್ಟರೆ ವಿಪರೀತ ಕಹಿ. ಅದು ಜಂತುಹುಳಕ್ಕೆ ಹೇಳಿದ ಮದ್ದು. ಎರಡನ್ನೂ ಒಂದೇ ಎಂದು ತಿಳಿಯುವುದು ಇಂದಿಗೂ ನಿಂತಿಲ್ಲ.

ಕರಿಜೀರಿಗೆ ಬೇಡುವುದು ಒಣ ಚಳಿಗಾಲವನ್ನು. ಚಾರ್ಮಾಡಿ ಘಾಟಿಯ ಬುಡದ ಮಳೆಗೆ ಅದು ಬೆಳೆಯುವ ಮಾತೇ ಇಲ್ಲ. 1801ರ ಆರಂಭದಲ್ಲಿ ಮಂಗಳೂರಿನಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳನ್ನು ಹಾದು ಕಾರ್ಕಳದತ್ತ ನಡೆದ ಫ್ರಾನ್ಸಿಸ್ ಬುಕಾನನ್ ವೃತ್ತಿಯಿಂದ ವೈದ್ಯ, ಒಲವಿನಿಂದ ಸಸ್ಯಶಾಸ್ತ್ರಜ್ಞ. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಈ ಸೀಮೆಯ ಭತ್ತದ ಗದ್ದೆ, ಅಡಿಕೆ, ಕರಿಮೆಣಸಿನ ವಿವರಗಳು ಸಿಗುತ್ತವೆ. ಇಲ್ಲಿ ಬೆಳೆಯದ ಕರಿಜೀರಿಗೆ ಅಂಗಡಿ ಸರಕಾಗಿಯೇ ಬರಬೇಕಿತ್ತು. ನೇತ್ರಾವತಿಯ ದಂಡೆಯಲ್ಲಿ, ಘಟ್ಟಕ್ಕೂ ಮಂಗಳೂರು ಬಂದರಿಗೂ ನಡುವೆ ಕೂತ ಬಂಟ್ವಾಳದ ಪೇಟೆಗೆ ಅಂಥ ಸರಕೇನೂ ಅಪರೂಪವಲ್ಲ.

ಅಂಗಡಿಯಿಂದ ಅದು ಹೋದದ್ದು ಹೆಚ್ಚಾಗಿ ಬಾಣಂತಿ ಕೋಣೆಗೆ. 16ನೇ ಶತಮಾನದ ಭಾವಮಿಶ್ರನ ‘ಭಾವಪ್ರಕಾಶ’ ಮೂರು ಬಗೆಯ ಜೀರಿಗೆಗಳನ್ನು ಒಟ್ಟಿಗೇ ಹೇಳಿ, ಅವು ಜಠರಾಗ್ನಿಯನ್ನು ಹೆಚ್ಚಿಸುತ್ತವೆ, ಗರ್ಭಾಶಯವನ್ನು ಶುದ್ಧಿ ಮಾಡುತ್ತವೆ ಎನ್ನುತ್ತದೆ. ಮಲಬಾರಿನಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಹೆರಿಗೆಯ ನಂತರದ ಲೇಹ್ಯಗಳಿಗೆ ಕರಿಜೀರಿಗೆ ಸೇರಿದ್ದು ಇದೇ ನಂಬಿಕೆಯಿಂದ. ಅದೇ ಪಟ್ಟಿಯಲ್ಲಿ ‘ಮೇಧ್ಯ’, ಅಂದರೆ ಬುದ್ಧಿಗೆ ಹಿತವಾದದ್ದು, ಎಂಬ ಗುಣವೂ ಇದೆ. ಇಂದಿನ ಪ್ರಚಾರಕ್ಕೆ ಆಯುರ್ವೇದದ ಆಧಾರ ಬೇಕಾದಾಗ ಕೈಗೆ ಸಿಗುವುದು ಈ ಪದ. ಆದರೆ ಅದು ಮೂರೂ ಜೀರಿಗೆಗಳಿಗೆ ಸೇರಿಸಿ ಹೇಳಿದ ಮಾತು. ಆ ಲೆಕ್ಕದಲ್ಲಿ ದಿನಾ ಸಾರಿನ ಒಗ್ಗರಣೆಗೆ ಬೀಳುವ ಬಿಳಿ ಜೀರಿಗೆಯೂ ಮಿದುಳಿನ ಮದ್ದೇ. ಅದನ್ನು ಯಾರೂ ಬಾಟಲಿಗೆ ತುಂಬಿ ಆ ಬೆಲೆಗೆ ಮಾರುವುದಿಲ್ಲ!

ಮೇಧ್ಯ ರಸಾಯನವೆಂದು ಚರಕಸಂಹಿತೆ ಎತ್ತಿ ಹೇಳುವುದು ನಾಲ್ಕನ್ನು: ಮಂಡೂಕಪರ್ಣಿಯ ರಸ, ಹಾಲಿನೊಡನೆ ಜ್ಯೇಷ್ಠಮಧು, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ. ಕರಿಜೀರಿಗೆ ಅಲ್ಲಿಲ್ಲ. ಮಂಡೂಕಪರ್ಣಿಯೆಂದರೆ ನಮ್ಮ ಒಂದೆಲಗ, ತುಳುವಿನ ತಿಮರೆ. ಗದ್ದೆಯ ಹುಣಿಯಲ್ಲಿ, ಬಾವಿಕಟ್ಟೆಯ ನೀರು ಹರಿಯುವಲ್ಲಿ ತಾನಾಗಿ ಹಬ್ಬುವ ಈ ಸೊಪ್ಪನ್ನು ಬೇರುಸಹಿತ ಕಿತ್ತು ತೊಳೆದು, ತೆಂಗಿನಕಾಯಿ, ಹಸಿಮೆಣಸು, ಹುಳಿಯೊಡನೆ ಅರೆದರೆ ಚಟ್ನಿ. ಮಜ್ಜಿಗೆ ಬೆರೆಸಿದರೆ ತಂಬುಳಿ. ‘ತಿಂದರೆ ನೆನಪು ಚುರುಕಾಗುತ್ತದೆ’ ಎಂದು ಈ ಮೂರೂ ತಾಲೂಕಿನ ಮಕ್ಕಳಿಗೆ ಹೇಳಿ ಬಡಿಸಿದ್ದು ತಿಮರೆಯನ್ನು. ಬುದ್ಧಿಯ ಮದ್ದೆಂಬ ಸ್ಥಾನ ಇಲ್ಲಿ ಖಾಲಿಯಿರಲಿಲ್ಲ.

ಇನ್ನೊಂದು ಎಳೆ ಅರಬ್ಬಿ ಸಮುದ್ರದ ಆಚೆಯದು. ಕರಿಬೀಜವು ಮರಣವೊಂದನ್ನು ಬಿಟ್ಟು ಎಲ್ಲ ರೋಗಕ್ಕೂ ಮದ್ದು ಎಂಬ ಪ್ರವಾದಿ ವಚನವನ್ನು 9ನೇ ಶತಮಾನದ ಬುಖಾರಿಯ ಸಂಗ್ರಹ ದಾಖಲಿಸಿದೆ. ಬ್ಯಾರಿ ಮನೆಗಳಲ್ಲಿ ಈ ಕಾಳಿಗೆ ಇರುವ ಗೌರವಕ್ಕೆ ಮೂಲ ಅದು. ಆ ವಚನ ಮಿದುಳನ್ನು ಬೇರೆಯಾಗಿ ಹೆಸರಿಸುವುದಿಲ್ಲ. ಕೊಲ್ಲಿ ದೇಶಗಳ ದುಡಿಮೆ ಬೆಳೆದ ಮೇಲೆ ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಎಣ್ಣೆಯ ಬಾಟಲಿಯೂ ಬಂತು. ಕಾಳಿನಿಂದ ಎಣ್ಣೆಗೆ ಒಲವು ಹೊರಳಿದ್ದರಲ್ಲಿ ಕೊಲ್ಲಿಯ ಪಾಲು ದೊಡ್ಡದೆಂದು ನನ್ನ ಅಂದಾಜು.

ಮೂಡುಬಿದಿರೆಯ ಜೈನ ಪರಂಪರೆಯನ್ನು ಬಿಟ್ಟು ಈ ಸೀಮೆಯ ವೈದ್ಯಚರಿತ್ರೆ ಬರೆಯಲಾಗದು. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠ ಪ್ರಕಟಿಸಿದ ತಾಡಪತ್ರ ಗ್ರಂಥಸೂಚಿಯಲ್ಲಿ ಇಲ್ಲಿನ ಮಠದ ಓಲೆಗರಿಗಳಿಗೆ ದೊಡ್ಡ ಜಾಗವಿದೆ. ಜೈನ ವೈದ್ಯ ಉಗ್ರಾದಿತ್ಯನ ‘ಕಲ್ಯಾಣಕಾರಕ’ ಮದ್ಯ, ಮಾಂಸ, ಜೇನುಗಳನ್ನು ಬಿಟ್ಟು ವೈದ್ಯ ಕಟ್ಟಿದ ಕೃತಿ. ‘ಜೇನಿನಲ್ಲಿ ಕರಿಜೀರಿಗೆ ಎಣ್ಣೆ’ ಎಂಬ ಇಂದಿನ ಜನಪ್ರಿಯ ಅನುಪಾನ ಆ ಪರಂಪರೆಗೆ ಒಗ್ಗುವುದಲ್ಲ.

ಮಿದುಳಿನ ಮಾತು ಗಟ್ಟಿಯಾದದ್ದು ಪ್ರಯೋಗಶಾಲೆಯಿಂದ. ಬೀಜದ ಸುಗಂಧತೈಲದಲ್ಲಿನ ಥೈಮೋಕ್ವಿನೋನ್ ಎಂಬ ಅಂಶವನ್ನು 1960ರ ದಶಕದಲ್ಲಿ ಈಜಿಪ್ಟಿನ ಎಲ್-ದಖಾಖ್ನಿ ಬೇರ್ಪಡಿಸಿದರು. ಇಲಿಗಳ ಮೇಲೆ ನರಕೋಶ ರಕ್ಷಣೆಯ ಅಧ್ಯಯನಗಳು ಸಾಲುಗಟ್ಟಿ ಬಂದವು. ಮನುಷ್ಯರ ಮೇಲೆ ನಡೆದವುಗಳಲ್ಲಿ ಹೆಚ್ಚು ಉಲ್ಲೇಖವಾಗುವುದು ಬಾಂಗ್ಲಾದೇಶದ್ದು, 2013ರಲ್ಲಿ ಪ್ರಕಟವಾದದ್ದು: 40 ಮಂದಿ ಆರೋಗ್ಯವಂತ ಹಿರಿಯರಲ್ಲಿ ಅರ್ಧದಷ್ಟು ಜನರಿಗೆ 500 ಮಿಲಿಗ್ರಾಮಿನ ಕ್ಯಾಪ್ಸೂಲ್, ದಿನಕ್ಕೆರಡು, 9 ವಾರ. ನೆನಪು, ಗಮನಗಳ ಪರೀಕ್ಷೆಯಲ್ಲಿ ಅವರು ಸುಧಾರಿಸಿದರೆಂದು ವರದಿ. ಇದರಿಂದ ಮರೆಗುಳಿ ರೋಗ ವಾಸಿಯಾಗುತ್ತದೆಂದು ಹೇಳಲು ಬರುವುದಿಲ್ಲ. ಪ್ರಯೋಗಕ್ಕೆ ಬಂದವರಿಗೆ ಆ ರೋಗವೇ ಇರಲಿಲ್ಲ. ಅಲ್ಲದೆ ಕ್ಯಾಪ್ಸೂಲಿನಲ್ಲಿದ್ದದ್ದು ಬೀಜ, ಎಣ್ಣೆಯಲ್ಲ. ಭಾವಮಿಶ್ರನೂ ಬೀಜದ ಗುಣವನ್ನೇ ಹೇಳಿದ್ದು. ಹಿಂಡಿದ ಎಣ್ಣೆಯ ಬಹುಪಾಲು ಸಾಮಾನ್ಯ ಕೊಬ್ಬಿನಂಶ. ಥೈಮೋಕ್ವಿನೋನ್ ಪ್ರಮಾಣ ತಳಿ ಮತ್ತು ಹಿಂಡುವ ವಿಧಾನಕ್ಕೆ ತಕ್ಕಂತೆ ಬದಲಾಗುತ್ತದೆ, ಬಿಸಿಲು ಬಿದ್ದರೆ ಕೆಡುತ್ತದೆ. ಎರಡು ಬಾಟಲಿಗಳ ಎಣ್ಣೆ ಒಂದೇ ಮದ್ದೆಂದು ನಂಬಲು ಆಧಾರವಿಲ್ಲ. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಮಾತ್ರೆ ನುಂಗುತ್ತಿರುವ ಹಿರಿಯರೇ ಇದರ ಮುಖ್ಯ ಗಿರಾಕಿಗಳು. ಎರಡನ್ನೂ ಇಳಿಸುವ ಗುಣ ಈ ಬೀಜಕ್ಕಿರುವುದರಿಂದ, ವೈದ್ಯರಿಗೆ ತಿಳಿಸದೆ ಚಮಚ ಎತ್ತುವುದು ಅಪಾಯ.