ಕಾರ್ಟಿಸೋನ್ ಮತ್ತು ಕಣ್ಣು

1948ನೆಯ ಇಸವಿಯ ಸೆಪ್ಟೆಂಬರ್ ಮಾಸದಲ್ಲಿ, ಅಮೆರಿಕದ ಮಿನೆಸೋಟ ಪ್ರಾಂತದ ಮೇಯೋ ವೈದ್ಯಾಲಯದಲ್ಲಿ, ಸಂಧಿವಾತದಿಂದ ಕೀಲುಗಳು ಬಿಗಿದು ಹಾಸಿಗೆಯಿಂದೇಳಲೂ ಕಷ್ಟಪಡುತ್ತಿದ್ದ 29 ವರ್ಷದ ಸ್ತ್ರೀಯೊಬ್ಬಳಿಗೆ ಡಾಕ್ಟರ್ ಫಿಲಿಪ್ ಹೆಂಚ್ ಅವರು, ದನದ ಪಿತ್ತದಿಂದ ಬಹುಪ್ರಯಾಸಪಟ್ಟು ತಯಾರಿಸಿದ್ದ ಹೊಸ ಔಷಧವೊಂದನ್ನು ಸೂಜಿಯ ಮೂಲಕ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದಳು. ಕಾರ್ಟಿಸೋನ್ ಎಂಬ ಆ ಔಷಧಕ್ಕೆ ಕಾರಣರಾದ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಈ ಮೂವರಿಗೆ 1950ರಲ್ಲಿಯೇ ನೊಬೆಲ್ ಪಾರಿತೋಷಕ ದೊರೆಯಿತು.

ನೇತ್ರವೈದ್ಯರ ಹರ್ಷವೂ ಕಡಮೆಯದಾಗಿರಲಿಲ್ಲ; ಕಣ್ಣಿನೊಳಗಣ ಉರಿಯೂತದಿಂದ ಕುರುಡಾಗಬೇಕಾಗಿದ್ದ ಅನೇಕರ ದೃಷ್ಟಿಯನ್ನು ಸ್ಟೀರಾಯ್ಡ್ ಎಂಬ ಈ ವರ್ಗದ ಔಷಧಗಳು ನಿಜವಾಗಿಯೂ ಉಳಿಸಿದುವು, ಇಂದಿಗೂ ಉಳಿಸುತ್ತಿವೆ. ಆದರೆ ನೊಬೆಲ್ ಬಂದ ಆ ವರ್ಷವೇ ಮೆಕ್ಲೀನ್ ಎಂಬ ವೈದ್ಯರು, ಈ ಚಿಕಿತ್ಸೆಯಲ್ಲಿರುವಾಗ ಕಣ್ಣಿನ ಒಳಒತ್ತಡ ಏರಬಹುದೆಂದು ಗುರುತಿಸಿದ್ದರು. 1954ರಲ್ಲಿ ಬೆಲ್ಜಿಯಂ ದೇಶದ ಫ್ರಾನ್ಸ್ವಾ ಅವರು, ಕಣ್ಣಿಗೆ ಬಿಟ್ಟ ಹನಿಗಳಿಂದಲೂ ಹಾಗಾಗುವುದನ್ನು ತೋರಿಸಿದರು. 1960ರಲ್ಲಿ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಬ್ಲ್ಯಾಕ್ ಮತ್ತು ಅವರ ಸಂಗಡಿಗರು, ದೀರ್ಘಕಾಲ ಸ್ಟೀರಾಯ್ಡ್ ಸೇವಿಸಿದ ಸಂಧಿವಾತರೋಗಿಗಳ ಮಸೂರದ ಹಿಂಬದಿಯಲ್ಲಿ ಪೊರೆ ಕಟ್ಟುವುದನ್ನು ಪ್ರಕಟಿಸಿದರು. ಮೊದಲ ಸೂಜಿಮದ್ದಿಗೂ ಈ ವರದಿಗೂ ನಡುವೆ ಹನ್ನೆರಡು ವರ್ಷಗಳು ಸಂದಿದ್ದುವು.

ಈ ಕೇಡುಗಳೆಲ್ಲ ಬೆಳಕಿಗೆ ಬರಲು ಇಷ್ಟು ಕಾಲ ಹಿಡಿದುದಕ್ಕೆ ಕಾರಣ ಅವುಗಳ ಸ್ವಭಾವದಲ್ಲಿಯೇ ಇದೆಯೆಂದು ನಾನು ತಿಳಿಯುತ್ತೇನೆ. ಔಷಧವು ನೋವನ್ನೂ ಕೆಂಪನ್ನೂ ಶಮನಗೊಳಿಸುತ್ತಿರುವಾಗಲೇ, ಕಣ್ಣೊಳಗಿನ ದ್ರವ ಹೊರಹರಿಯುವ ಸೂಕ್ಷ್ಮ ಜಾಲರಿಯು ತಡೆಗೊಂಡು, ಒತ್ತಡವೇರಿ, ದೃಷ್ಟಿನರವು ಸದ್ದಿಲ್ಲದೆ ಸವೆಯುತ್ತದೆ; ಇದೇ ಗ್ಲಾಕೋಮಾ. ರೋಗಿಗೆ ಸುಖವೇ ಅನುಭವಕ್ಕೆ ಬರುವುದರಿಂದ ಆತ ದೂರುವುದಿಲ್ಲ. ಎಲ್ಲರ ಕಣ್ಣೂ ಒಂದೇ ತೆರನಲ್ಲ. ಕೆಲವರಲ್ಲಿ ಒತ್ತಡ ತೀವ್ರವಾಗಿ ಏರುವುದನ್ನು ಅರವತ್ತರ ದಶಕದಲ್ಲಿ ಬೆಕರ್, ಅರ್ಮಾಲಿ ಮೊದಲಾದ ನೇತ್ರವೈದ್ಯರು ಕಂಡುಕೊಂಡರು. ಔಷಧವನ್ನು ನಿಲ್ಲಿಸಿದರೆ ಒತ್ತಡ ಸಾಮಾನ್ಯವಾಗಿ ಇಳಿಯುತ್ತದೆ, ನಷ್ಟವಾದ ನರ ಮಾತ್ರ ಮರಳದು. ಪೊರೆಯನ್ನಾದರೋ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು.

ನಮ್ಮ ದೇಶದಲ್ಲಿ ಈ ಚರಿತ್ರೆ ಇನ್ನೂ ಮುಗಿದಿಲ್ಲ. ಬೇಸಗೆಯ ಅಲರ್ಜಿಯಿಂದ ಕಣ್ಣುಜ್ಜಿಕೊಳ್ಳುವ ಮಕ್ಕಳಿಗೆ, ಒಮ್ಮೆ ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಹನಿಯನ್ನೇ ತಾಯಿತಂದೆಗಳು ಔಷಧದಂಗಡಿಯಿಂದ ಮತ್ತೆ ಮತ್ತೆ ತಂದು ಬಿಡುವುದರಿಂದ, ಎಳವೆಯಲ್ಲಿಯೇ ಗ್ಲಾಕೋಮಾಕ್ಕೆ ತುತ್ತಾದ ಕಣ್ಣುಗಳನ್ನು ನೇತ್ರಾಲಯಗಳು ಇಂದಿಗೂ ಕಾಣುತ್ತಿವೆ. ಸ್ಟೀರಾಯ್ಡ್ ಹನಿಯನ್ನಾಗಲಿ ಮಾತ್ರೆಯನ್ನಾಗಲಿ ದೀರ್ಘಕಾಲ ಬಳಸಬೇಕಾದವರು, ವೈದ್ಯರನ್ನು ಕೇಳದೆ ಥಟ್ಟನೆ ಬಿಡದೆ, ಕಣ್ಣಿನ ಒತ್ತಡವನ್ನು ಅಳೆಯಿಸಿಕೊಳ್ಳುತ್ತಿರಬೇಕೆಂಬುದು ಓದುಗರಲ್ಲಿ ನನ್ನ ವಿಜ್ಞಾಪನೆ.