ವಾಯಿದೆ ದಿನದ ಕಥೆ: ಬೆಳೆ ಸಾಲ ನಡೆದುಬಂದ ದಾರಿ

ರಜತ ಮಹೋತ್ಸವದ ಈ ಸಂಚಿಕೆಗೆ ಸಹಕಾರದ ಇತಿಹಾಸ ಕುರಿತು ನಾಲ್ಕು ಮಾತು ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನಾವು ಸ್ವಲ್ಪ ಹಿಂದೆಮುಂದೆ ನೋಡಿದೆವು. ಎಸ್.ಎಸ್.ಎಲ್.ಸಿ. ಮುಗಿಸಿ ಗದ್ದೆಗಿಳಿದವರು ನಾವು. ಆದರೆ ನಿರ್ದೇಶಕರಾಗಿ ಸಾಲದ ಅರ್ಜಿಗಳ ಮುಂದೆ ಕೂತು ಕೂತು ಒಂದು ವಿಷಯವಂತೂ ಮನದಟ್ಟಾಗಿದೆ. ಎಷ್ಟು ಸಾಲ ಎಂಬುದನ್ನು ಯಾವ ಷೇರುದಾರರೂ ಮರೆಯುವುದಿಲ್ಲ, ಯಾವತ್ತು ಕಟ್ಟಬೇಕು ಎಂಬುದನ್ನು ಮರೆಯುತ್ತಾರೆ. ಇವತ್ತಿನ ಬೆಳೆ ಸಾಲದಲ್ಲಿ ದುಡ್ಡಿಗಿಂತ ತಾರೀಖಿಗೇ ಬೆಲೆ ಜಾಸ್ತಿ. ಇದು ಹೀಗೆ ಹೇಗಾಯಿತು ಅಂತ ನಮಗೆ ತಿಳಿದ ಮಟ್ಟಿಗೆ ಬರೆಯುತ್ತೇವೆ.

ಹಿಂದಿನವರ ಸಾಲಕ್ಕೆ ವಾಯಿದೆ ಎಂಬುದೇ ಇರಲಿಲ್ಲ ಅಂದರೂ ನಡೆದೀತು. ಸಾಹುಕಾರ ಕಣಕ್ಕೆ ಬಂದು ಕಾಳು ಅಳೆದುಕೊಂಡು ಹೋಗುತ್ತಿದ್ದ, ಬಡ್ಡಿಗೆ ಬಡ್ಡಿ ಸೇರಿ ಅಸಲು ಹಾಗೇ ಉಳಿಯುತ್ತಿತ್ತು. ಸಾಲ ತೀರಿದರೆ ಅವನಿಗೇ ನಷ್ಟ. ತೀರದಿದ್ದರೆ ಹೊಲ ಅವನದು.

ಇದಕ್ಕೆ ಮದ್ದೆಂದು 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷ, 1905ರ ಜುಲೈ 8ರಂದು, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ನೋಂದಣಿಯಾಯಿತು. ನಮ್ಮ ರಾಜ್ಯದ ಸಹಕಾರದ ತವರು ಅಂತ ಎಲ್ಲರೂ ಹೇಳುವುದು ಆ ಊರನ್ನೇ. ಆಗ ಅದು ಮುಂಬೈ ಪ್ರಾಂತ್ಯದಲ್ಲಿತ್ತು. ನಮ್ಮ ಬಸವಾಪಟ್ಟಣ, ಚನ್ನಗಿರಿ ಸೀಮೆ ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಮೈಸೂರು ಸರ್ಕಾರವೂ ಅದೇ 1905ರಲ್ಲಿ ಬೇರೆ ಕಾಯಿದೆ ಮಾಡಿತು. 1915ರಲ್ಲಿ ಬೆಂಗಳೂರಿನಲ್ಲಿ ಅಪೆಕ್ಸ್ ಬ್ಯಾಂಕು ಹುಟ್ಟಿತು.

ಸಾಹುಕಾರನಿಗೂ ಸಂಘಕ್ಕೂ ಇದ್ದ ಮುಖ್ಯ ವ್ಯತ್ಯಾಸ ಬಡ್ಡಿ ಕಡಿಮೆ ಎಂಬುದಷ್ಟೇ ಅಲ್ಲ. ಸಂಘದ ಸಾಲ ತೀರಲೇಬೇಕು. ಪೆಟ್ಟಿಗೆಯಲ್ಲಿರುವುದು ಪಕ್ಕದ ಮನೆಯವರ ಠೇವಣಿ, ಮೇಲಿನ ಬ್ಯಾಂಕಿನ ಹಣ. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರಿಗೆ ಬೀಜ ಗೊಬ್ಬರಕ್ಕೆ ದುಡ್ಡಿಲ್ಲ. ದೇಶದ ಸಂಘಗಳನ್ನು ಪರಿಶೀಲಿಸಿ 1915ರಲ್ಲಿ ವರದಿ ಕೊಟ್ಟ ಮ್ಯಾಕ್ಲಗನ್ ಸಮಿತಿಯೂ ಸಾಲ ಕೊಡುವಷ್ಟೇ ಗಟ್ಟಿಯಾಗಿ ವಾಯಿದೆಗೆ ವಸೂಲಿ ಆಗಬೇಕೆಂದು ಹೇಳಿತ್ತು. ಹೇಳಿದ್ದೇನೋ ಸರಿ, ಕೇಳಿದವರು ಕಡಿಮೆ. ಸ್ವಾತಂತ್ರ್ಯ ಬಂದ ಮೇಲೆ 1951-52ರಲ್ಲಿ ನಡೆದ ಗ್ರಾಮೀಣ ಸಾಲದ ಸಮೀಕ್ಷೆಯಲ್ಲಿ ರೈತನ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಬರೀ ಶೇ. 3.1 ಎಂದು ಬಂತು. ಲೇವಾದೇವಿಯವರ ಪಾಲು ಹತ್ತಿರ ಹತ್ತಿರ ಶೇ. 70. ಐವತ್ತು ವರ್ಷದ ಸಹಕಾರಕ್ಕೆ ಇಷ್ಟೇ ಫಲ!

ನಮ್ಮ ಕಡೆ ಲೆಕ್ಕ ಬದಲಾದದ್ದು ಭದ್ರಾ ನಾಲೆಯಿಂದ. ಒಂದು ಬೆಳೆಯ ನೆಲ ಎರಡು ಬೆಳೆಯದಾಯಿತು. ಗೊಬ್ಬರ, ಔಷಧಿ, ನಾಟಿ ಕೂಲಿ ಎಲ್ಲಕ್ಕೂ ಮುಂಗಡ ಹಣ ಬೇಕಾಯಿತು. ಆಮೇಲೆ ಗದ್ದೆಗಳು ಅಡಿಕೆ ತೋಟಗಳಾದವು, ಖೇಣಿದಾರರು ಬಂದರು. ಸಂಘದ ಸಾಲವೂ ಮನೆಮನೆಗೆ ಹೊಕ್ಕಿತು.

1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಬಂದದ್ದು ನಿಜವಾಗಿ ದೊಡ್ಡ ಬದಲಾವಣೆ. ಪೇಟೆಯ ವ್ಯಾಪಾರಿಗೆ ಬ್ಯಾಂಕಿನಲ್ಲಿ ಓ.ಡಿ. ಇರುವುದಿಲ್ಲವೇ? ಒಂದು ಮಿತಿ ಹಾಕಿರುತ್ತಾರೆ, ಬೇಕಾದಾಗ ಎತ್ತುವುದು, ಬಂದಾಗ ಕಟ್ಟುವುದು. ರೈತನಿಗೂ ಅದೇ ಥರದ ಅನುಕೂಲ ಸಿಕ್ಕಿತು. ಆದರೆ ವ್ಯಾಪಾರಿಗೆ ದಿನಾ ಗಲ್ಲಾಪೆಟ್ಟಿಗೆಗೆ ಕಾಸು ಬೀಳುತ್ತದೆ, ನಮಗೆ ವರ್ಷಕ್ಕೆ ಒಂದೋ ಎರಡೋ ಸಲ.

ಮುಂದೆ ಬಡ್ಡಿ ಇಳಿಯುತ್ತಾ ಬಂತು. 2006-07ರಿಂದ ಕೇಂದ್ರ ಸರ್ಕಾರ ಸಹಾಯಧನ ಕೊಟ್ಟು ಮೂರು ಲಕ್ಷದವರೆಗಿನ ಬೆಳೆ ಸಾಲಕ್ಕೆ ಶೇ. 7ರ ಬಡ್ಡಿ ಮಾಡಿತು. 2009-10ರಿಂದ ಹೊತ್ತಿಗೆ ಸರಿಯಾಗಿ ಕಟ್ಟಿದವರಿಗೆ ಅದರಲ್ಲೂ ಕಡಿತ ಶುರುವಾಯಿತು. ಮೊದಲು ಶೇ. 1, ಆಮೇಲೆ 2, 2011-12ರಿಂದ 3. ನಮ್ಮ ರಾಜ್ಯ ಸರ್ಕಾರ ಸಹಕಾರ ಸಂಘಗಳ ಸಾಲಕ್ಕೆ ಇನ್ನೂ ಮುಂದೆ ಹೋಗಿ 2012ರಲ್ಲಿ ಒಂದು ಲಕ್ಷದವರೆಗೆ ಬಡ್ಡಿಯೇ ಬೇಡ ಎಂದಿತು. ಅದು ಎರಡು, ಮೂರು ಲಕ್ಷವಾಗಿ 2023ರ ಬಜೆಟ್ಟಿನಲ್ಲಿ ಐದು ಲಕ್ಷಕ್ಕೆ ಏರಿತು. ಸೊನ್ನೆ ಬಡ್ಡಿ! ನಮ್ಮ ಅಜ್ಜಂದಿರು ಕೇಳಿದ್ದರೆ ನಂಬುತ್ತಿರಲಿಲ್ಲ.

ಈ ಸೊನ್ನೆ ನಿಂತಿರುವುದು ವಾಯಿದೆಯ ಮೇಲೆ. ಆ ದಿನದೊಳಗೆ ಕಟ್ಟಿದವರ ಬಡ್ಡಿಯನ್ನು ಸರ್ಕಾರ ಹೊರುತ್ತದೆ. ದಾಟಿದರೆ ರಿಯಾಯಿತಿ ಹೋಯಿತು, ಖಾತೆ ಸುಸ್ತಿ ಪಟ್ಟಿಗೆ ಬಂತು. ಮೂರು ಲಕ್ಷಕ್ಕೆ ಶೇ. 7ರಂತೆ ಹಿಡಿದರೂ ವರ್ಷಕ್ಕೆ 21,000 ರೂಪಾಯಿ. ಒಂದು ತಾರೀಖಿನ ಆಚೆ ಈಚೆ ಇಷ್ಟು ದುಡ್ಡು!

ಅದಕ್ಕೇ ಹಳೇ ಸಾಹುಕಾರ ಬೇರೆ ಬಾಗಿಲಿನಿಂದ ಒಳಗೆ ಬಂದ. ವಾಯಿದೆ ವಾರದಲ್ಲಿ ಕೈಯಲ್ಲಿ ಕಾಸಿಲ್ಲದವರು ಕೈಗಡಕ್ಕೆ ಓಡುತ್ತಾರೆ. ತಂದು ಸಂಘಕ್ಕೆ ಕಟ್ಟುವುದು, ಹೊಸ ಸಾಲ ಮಂಜೂರಾದ ಕೂಡಲೇ ಎತ್ತಿ ಅವರಿಗೆ ಕೊಡುವುದು. ನೂರಕ್ಕೆ ತಿಂಗಳಿಗೆ ಮೂರು ಎಂದರೆ ಮೂರು ಲಕ್ಷಕ್ಕೆ ತಿಂಗಳಿಗೆ 9,000. ವಾರದಲ್ಲಿ ಮುಗಿದರೆ ಎರಡು ಸಾವಿರದ ಚಿಲ್ಲರೆ, 21,000ಕ್ಕಿಂತ ಎಷ್ಟೋ ವಾಸಿ. ಹಾಗಾಗಿ ಯಾರನ್ನೂ ನಾವು ಬೈಯುವುದಿಲ್ಲ. ಆದರೆ ಪುಸ್ತಕದಲ್ಲಿ ವಸೂಲಿ ನೂರಕ್ಕೆ ನೂರು ಕಂಡರೂ ಸಾಲ ತೀರಿರುವುದಿಲ್ಲ, ಮೇಲಿನ ಬ್ಯಾಂಕಿನಿಂದ ಹಣ ಬರುವುದು ತಡವಾದರೆ ವಾರದ ಕೈಗಡ ಎರಡು ತಿಂಗಳಿನದಾಗುತ್ತದೆ. ಸೊನ್ನೆ ಬಡ್ಡಿಯ ಸಾಲಕ್ಕೆ ಬಡ್ಡಿ ಬೀಳುವುದು ಹೀಗೆ.

ಸಾಲ ಮನ್ನಾದ ಮಾತನ್ನೂ ಆಡದೆ ಬಿಡುವಂತಿಲ್ಲ. 1990ರಲ್ಲಿ ಹತ್ತು ಸಾವಿರದವರೆಗೆ, 2017ರಲ್ಲಿ ಸಹಕಾರ ಸಂಘಗಳ ಸಾಲದಲ್ಲಿ ಐವತ್ತು ಸಾವಿರದವರೆಗೆ, 2018ರಲ್ಲಿ ಒಂದು ಲಕ್ಷದವರೆಗೆ ಮನ್ನಾ ಆಯಿತು. ಕಷ್ಟದಲ್ಲಿದ್ದವರು ಉಸಿರಾಡಿದರು, ಬೇಡವೆನ್ನಲು ನಾವ್ಯಾರು? ಆದರೆ 2017ರಲ್ಲಿ ಲೆಕ್ಕಕ್ಕೆ ಹಿಡಿದದ್ದು ಜೂನ್ 20ಕ್ಕೆ ಉಳಿದಿದ್ದ ಬಾಕಿಯನ್ನು. ಅದಕ್ಕೆ ಮೊದಲೇ ಅಡಿಕೆ ಮಾರಿ ಪೂರ್ತಿ ಕಟ್ಟಿ, ಮತ್ತೆ ಸಾಲ ಎತ್ತದೆ ಕೂತವರಿಗೆ ಏನೂ ಸಿಗಲಿಲ್ಲ. "ಹೊತ್ತಿಗೆ ಕಟ್ಟಿದ್ದೇ ತಪ್ಪಾಯ್ತೇನ್ರಪ್ಪಾ?" ಅಂತ ಹಿರಿಯರು ಕೇಳಿದರೆ ನಿರ್ದೇಶಕರಾದವರು ಏನು ಹೇಳುವುದು? ಸರ್ಕಾರ ತಾನಾಗಿ ವಾಯಿದೆ ಮುಂದೂಡಿದ್ದೂ ಉಂಟು. ಕೊರೋನಾ ವರ್ಷ, 2020ರಲ್ಲಿ, ಕೇಂದ್ರದ ಬಡ್ಡಿ ರಿಯಾಯಿತಿಗೆ ಆಗಸ್ಟ್ 31ರವರೆಗೆ ಕಾಲಾವಕಾಶ ಸಿಕ್ಕಿತ್ತು. ಅದು ಪ್ರತಿ ವರ್ಷ ಸಿಗುವಂಥದ್ದಲ್ಲ.

ನಮ್ಮ ಅಭಿಪ್ರಾಯದಲ್ಲಿ ತೊಡಕಿರುವುದು ಕಟ್ಟುವ ಮನಸ್ಸಿನಲ್ಲಿ ಅಲ್ಲ, ತಿಂಗಳಲ್ಲಿ. ನಮ್ಮ ಕಡೆ ಬಹಳ ಜನರ ವಾಯಿದೆ ಬೀಳುವುದು ಮಾರ್ಚಿಗೆ. ಮಾರ್ಚಿಯಲ್ಲಿ ಬೇಸಿಗೆ ಭತ್ತ ಇನ್ನೂ ಗದ್ದೆಯಲ್ಲಿ ನಿಂತಿರುತ್ತದೆ. ಅಡಿಕೆ ದುಡ್ಡು ಮದುವೆ, ಮನೆ ಕೆಲಸ ಅಂತ ಕರಗಿರುತ್ತದೆ. ಕಾರ್ಡಿನ ನಿಯಮದಲ್ಲಿ ಬೆಳೆ ಕೊಯ್ದು ಮಾರುವ ಕಾಲ ನೋಡಿ ವಾಯಿದೆ ಇಡಬಹುದೆಂದೇ ಇದೆ. ರಿಯಾಯಿತಿ ಮಾತ್ರ ಒಂದು ವರ್ಷಕ್ಕೆ ಮೀರುವುದಿಲ್ಲ. ಅಂದಮೇಲೆ ಸಾಲ ಎತ್ತುವ ತಿಂಗಳನ್ನೇ ಬದಲಾಯಿಸಬೇಕು. ಮಳೆಗಾಲದ ಭತ್ತ ಮಾರಿ ಕೈಯಲ್ಲಿ ಕಾಸಿರುವ ಜನವರಿಯಲ್ಲೇ, ಎರಡು ತಿಂಗಳು ಮೊದಲು, ಒಂದು ಸಲ ಪೂರ್ತಿ ಕಟ್ಟಿಬಿಟ್ಟು ಹೊಸದಾಗಿ ಎತ್ತಿದರೆ ಬರುವ ವರ್ಷದ ವಾಯಿದೆಯೂ ಜನವರಿಯ ಸುಮಾರಿಗೇ ಬೀಳುತ್ತದೆ. ಬರೀ ತೋಟದವರು ಕೊಯ್ಲು ಮುಗಿದು ಖೇಣಿ ಲೆಕ್ಕ ಚುಕ್ತಾ ಆಗುವ ತಿಂಗಳು ಹಿಡಿಯಬಹುದು. ಕೈಗಡದ ಮಾತೇ ಇಲ್ಲ.

ಇದನ್ನು ಹೇಳಿದಾಗಲೆಲ್ಲ ಷೇರುದಾರರು ತಲೆಯಾಡಿಸುತ್ತಾರೆ, ಆಮೇಲೆ ಒಂದೇ ಪ್ರಶ್ನೆ ಕೇಳುತ್ತಾರೆ: "ಮೊದ್ಲೇ ಕಟ್ತೀವಿ ಕಣ್ರೀ, ಕಟ್ಟಿದ್ ಮೇಲೆ ಮತ್ತೆ ಕೊಡ್ತೀರಿ ಅಂತ ಏನು ಗ್ಯಾರಂಟಿ ಐತಿ?" ಪ್ರಶ್ನೆ ನ್ಯಾಯವಾದದ್ದೇ. ಕಟ್ಟಿದ ದಿನಕ್ಕೂ ಹೊಸ ಸಾಲ ಕೈಗೆ ಬರುವ ದಿನಕ್ಕೂ ಎಷ್ಟು ಅಂತರ ಎಂದು ಸಂಘವೇ ಬರೆದು ಗೋಡೆಗೆ ಹಚ್ಚಬೇಕೆಂದು ನಾವು ಆಡಳಿತ ಮಂಡಳಿಯ ಮುಂದೆ ಇಟ್ಟಿದ್ದೇವೆ. ಅದು ಬರುವ ವಾರ್ಷಿಕ ಸಭೆಗೆ ಬರಲಿದೆ, ಷೇರುದಾರ ಬಾಂಧವರು ತಪ್ಪದೆ ಬಂದು ಚರ್ಚಿಸಬೇಕೆಂದು ಕೋರುತ್ತೇವೆ.