ಪೂಜಾ ಸಾಮಗ್ರಿ ಮಾರಾಟ ಮತ್ತು ಕೂಲಿಕಾರರ ಪಾಲು: ಶ್ರಾವಕರಿಗೆ ಮಾಹಿತಿ



ಧೂಪ, ಊದಿನಕಡ್ಡಿ, ರೇಷ್ಮೆ ವಸ್ತ್ರ, ಅಮೃತಶಿಲೆಯ ಬಿಂಬ ಇವುಗಳನ್ನು ಕೊಳ್ಳುವವರೂ ನಾವೇ, ಎಷ್ಟೋ ಊರುಗಳಲ್ಲಿ ಮಾರುವವರೂ ನಾವೇ. ಸುರಪುರ ತಾಲ್ಲೂಕಿನ ದೇವಾಪುರದಂಥ ಊರಿನ ಅಂಗಡಿಗೆ ಈ ಮಾಲು ಎರಡು ಮೂರು ಕೈ ದಾಟಿ ಬರುತ್ತದೆ. ಪೊಟ್ಟಣದ ಮೇಲೆ ಕಂಪನಿಯ ಹೆಸರು, ಬೆಲೆ ಇರುತ್ತವೆ. ಮಾಡಿದವರಿಗೆ ಎಷ್ಟು ಕೂಲಿ ಸಿಕ್ಕಿತು ಎಂಬುದು ಇರುವುದಿಲ್ಲ.

ಶಾಸ್ತ್ರ ಏನು ಹೇಳುತ್ತದೆ?

ತತ್ತ್ವಾರ್ಥಸೂತ್ರದ 7ನೇ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ 5 ಅತಿಚಾರಗಳಿವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯ ಎರಡನ್ನು ನಾವು ಎತ್ತು, ಕತ್ತೆಗಳಿಗೆ ಹೇಳಿದ್ದೆಂದು ತಿಳಿಯುತ್ತೇವೆ. ಮಿತಿಮೀರಿ ದುಡಿಸಿ ಹೊಟ್ಟೆಗೆ ಸಾಲದಷ್ಟು ಕೂಲಿ ಕೊಟ್ಟರೆ ಮನುಷ್ಯರಿಗೂ ಅದು ಅನ್ವಯಿಸುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತದಾಹೃತಾದಾನ, ಅಂದರೆ ಕದ್ದು ತಂದ ಮಾಲು ಕೊಳ್ಳುವುದು, ಸೇರಿದೆ. ಕೂಲಿ ಹಿಡಿದುಕೊಂಡು ಅಗ್ಗ ಮಾಡಿದ ಮಾಲೂ ಅದೇ ಸಾಲಿನದು ಎಂಬುದು ನನ್ನ ತಿಳಿವಳಿಕೆ. ಕೃತ, ಕಾರಿತ, ಅನುಮೋದನ ಮೂರರಿಂದಲೂ ಕರ್ಮಬಂಧವಾಗುವುದರಿಂದ "ನಾನು ಮಾಡಿಸಿಲ್ಲ, ಮಾರಿದೆ ಅಷ್ಟೆ" ಎಂದರೆ ಸಾಲದು.

ಊದಿನಕಡ್ಡಿ

ಬೆಂಗಳೂರು, ಮೈಸೂರು ಈ ಉದ್ಯಮಕ್ಕೆ ಹೆಸರಾದ ಊರುಗಳು. ಕಡ್ಡಿ ಹೊಸೆಯುವ ಕೆಲಸ ಬಹುಕಾಲದಿಂದ ಹೆಂಗಸರ ಮನೆಗೆಲಸವಾಗಿ, ಸಾವಿರ ಕಡ್ಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ನಡೆದಿದೆ. ಅವರ ಹೆಸರು ಸಾಮಾನ್ಯವಾಗಿ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ, ಹೀಗಾಗಿ ಪಿಎಫ್, ಇಎಸ್‌ಐ ಸಿಗುವುದು ಕಷ್ಟ. ಊದಿನಕಡ್ಡಿ ಉದ್ಯಮಕ್ಕೆ ರಾಜ್ಯ ಸರಕಾರ ಕನಿಷ್ಠ ಕೂಲಿ ನಿಗದಿ ಮಾಡಿದೆ.

2020ರಲ್ಲಿ ಖಾದಿ ಆಯೋಗ ತನ್ನ ಯೋಜನೆಯಲ್ಲಿ ಯಂತ್ರದಲ್ಲಿ ಮಾಡಿದ ಕಡ್ಡಿಗೆ ಕೆಜಿಗೆ 15 ರೂಪಾಯಿ ಕೂಲಿ ಇಟ್ಟಿತು. 4 ಜನ ಸೇರಿ ದಿನಕ್ಕೆ 80 ಕೆಜಿ ಮಾಡಿದರೆ ತಲೆಗೆ 300 ರೂಪಾಯಿ. ವ್ಯಾಪಾರಿಗಳು ಇದನ್ನೇ ಲೆಕ್ಕ ಹಾಕಿ ನೋಡಬೇಕು. 100 ಗ್ರಾಂ ಕಡ್ಡಿಗೆ ಬೀಳುವ ಕೂಲಿ ಒಂದೂವರೆ ರೂಪಾಯಿ. ಆ ಕೂಲಿ ಇಮ್ಮಡಿಯಾದರೂ ಪೊಟ್ಟಣಕ್ಕೆ ಹೆಚ್ಚುವುದು ಒಂದೂವರೆ ರೂಪಾಯಿ ಮಾತ್ರ. ಗಿರಾಕಿ ಅಷ್ಟಕ್ಕೆ ಅಂಗಡಿ ಬಿಡುವುದಿಲ್ಲ.

ರೇಷ್ಮೆ ಮತ್ತು ಕಲ್ಲು

ರೇಷ್ಮೆಯಲ್ಲಿ ಹುಳುವಿನ ಹಿಂಸೆಯ ಚರ್ಚೆ ನಮ್ಮಲ್ಲಿ ಹಳೆಯದು. ರಾಮನಗರ, ಮಾಗಡಿಯ ನೂಲು ತೆಗೆಯುವ, ಹುರಿ ಮಾಡುವ ಘಟಕಗಳಲ್ಲಿ ಸಾಲಕ್ಕೆ ಜೀತವಿದ್ದ ಮಕ್ಕಳ ಸ್ಥಿತಿಯನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ವರದಿಯಲ್ಲಿ ದಾಖಲಿಸಿತು. ಜೀತ ನಿಷೇಧ ಕಾಯ್ದೆ 1976ರಿಂದಲೇ ಇತ್ತು.

ರಾಜಸ್ಥಾನದ ಸಿರೋಹಿ ಜಿಲ್ಲೆಯ ಪಿಂಡವಾಡಾದಲ್ಲಿ ಮಂದಿರಗಳ ಕಲ್ಲು ಕೆತ್ತುವ ಅನೇಕರಿಗೆ ಕಲ್ಲಿನ ಧೂಳಿನಿಂದ ಸಿಲಿಕೋಸಿಸ್ ಬಂದಿದೆ. ಇದು ಶ್ವಾಸಕೋಶದ ರೋಗ, ವಾಸಿಯಾಗುವುದಿಲ್ಲ. ರಾಜಸ್ಥಾನ ಸರಕಾರ 2019ರಲ್ಲಿ ಇದಕ್ಕೆಂದೇ ನೀತಿ ತಂದಿತು. ಜಿನಾಲಯ ಕಟ್ಟಿಸುವವರು ನೀರು ಚಿಮ್ಮಿಸಿ ಕೆತ್ತುತ್ತಾರೆಯೇ, ಧೂಳು ಎಳೆಯುವ ಯಂತ್ರ, ಮಾಸ್ಕ್ ಇವೆಯೇ ಎಂದು ಕರಾರಿಗೆ ಮೊದಲು ನೋಡಬೇಕು.

ಕೇಳಿದರೆ ಆಗುತ್ತದೆ

ಬೆಳ್ಳಿ ವರಖನ್ನು ಪ್ರಾಣಿಗಳ ಕರುಳು, ಚರ್ಮದ ನಡುವೆ ಇಟ್ಟು ಬಡಿಯುತ್ತಿದ್ದರು. ಜೈನರೂ ಇತರರೂ ಪಟ್ಟು ಹಿಡಿದು ಕೇಳಿದರು. 2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅದರ ತಯಾರಿಕೆಯಲ್ಲಿ ಪ್ರಾಣಿಮೂಲದ ವಸ್ತು ಬಳಸಬಾರದೆಂದು ನಿಯಮ ಮಾಡಿತು. ಅದೇ ಪ್ರಶ್ನೆಯನ್ನು ಕೂಲಿಕಾರರ ವಿಷಯದಲ್ಲೂ ಕೇಳಬಹುದು.

ಅಂಗಡಿ ಮತ್ತು ಬಸದಿ ಸಮಿತಿಗಳಿಗೆ

1. ಮಾಲು ಎಲ್ಲಿ ತಯಾರಾಯಿತು, ಕೂಲಿಯ ದರ ಎಷ್ಟು ಎಂದು ಸಗಟು ವ್ಯಾಪಾರಿಯನ್ನು ಕೇಳಿ. ಮೇಲಿಂದ ಮೇಲೆ ಕೇಳಿದರೆ ಅವರೂ ತಮ್ಮ ಮೇಲಿನವರನ್ನು ಕೇಳುತ್ತಾರೆ.

2. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕಿಟ್ಟುಕೊಳ್ಳುವುದನ್ನು 2016ರ ತಿದ್ದುಪಡಿ ನಿಷೇಧಿಸಿದೆ. ಮನೆಯವರಿಗೆ ಶಾಲೆ ಬಿಟ್ಟ ಮೇಲೆ ಅಪಾಯವಿಲ್ಲದ ಕೆಲಸದಲ್ಲಿ ನೆರವಾಗಲು ಅವಕಾಶವಿದೆ. ಮಕ್ಕಳ ದುಡಿಮೆ ಕಂಡರೆ 1098ಕ್ಕೆ ಫೋನ್ ಮಾಡಿ.

3. ಉದ್ದರಿ ಉಳಿಸಿಕೊಳ್ಳಬೇಡಿ. ಸಣ್ಣ ತಯಾರಕರಿಗೆ ಕರಾರು ಇದ್ದರೂ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ನಾವು ತಡ ಮಾಡಿದ ಹಣ ಕೊನೆಗೆ ಕಡ್ಡಿ ಹೊಸೆಯುವವಳ ಕೂಲಿಯಲ್ಲೇ ತಡವಾಗುತ್ತದೆ.

4. ಕೊಳ್ಳುವುದನ್ನೇ ಒಮ್ಮೆಗೆ ನಿಲ್ಲಿಸಿದರೆ ಆ ಹೆಂಗಸರ ಕೆಲಸವೂ ಹೋಗುತ್ತದೆ. ಮೊದಲು ದರ ಸರಿಪಡಿಸಲು ಹೇಳಿ, ಸಾಧ್ಯವಿದ್ದಲ್ಲಿ ಮಹಿಳಾ ಸ್ವಸಹಾಯ ಸಂಘಗಳಿಂದ ನೇರ ಕೊಳ್ಳಿ.

ದಶಲಕ್ಷಣ ಪರ್ವಕ್ಕೆ, ಪ್ರಭಾವನೆಗೆ ಸಾಮಾನು ಒಟ್ಟಿಗೆ ತರಿಸುವ ಸಮಿತಿಗಳ ಮಾತಿಗೆ ಸಗಟು ವ್ಯಾಪಾರಿಗಳು ಬೆಲೆ ಕೊಡುತ್ತಾರೆ. ಈ ಸಲದ ಆರ್ಡರ್‌ಗೆ ಮೊದಲು ಈ ನಾಲ್ಕನ್ನೂ ಸಭೆಯಲ್ಲಿ ಓದಿ ಚರ್ಚಿಸಬೇಕೆಂದು ವಿನಂತಿ.